ತವುಡು ಕೊಟ್ಟು ಕೊಂಡವರು

ಕುಂದಾಣದಲ್ಲಿ ಅಕ್ಕಯಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ತವುಡಕ್ಕನ ಮನೆ ಎಂದರೆ ಸಾಕು, ಹಾಲಿನ ಡೇರಿ ದಾಟಿ ಎಡಕ್ಕೆ ತಿರುಗಿ, ಹುಲ್ಲಿನ ಬಣವೆಯ ಪಕ್ಕದ ಮಾಳಿಗೆ ಮನೆಯ ಬಾಗಿಲವರೆಗೂ ತಂದು ಬಿಡುತ್ತಿದ್ದರು. ಅಕ್ಕಯಮ್ಮ ಎಂಬುದು ರೇಷನ್ ಕಾರ್ಡಿನ ಹೆಸರು. ತವುಡಮ್ಮ ಎಂಬುದು ಅವಳ ಜೀವ ಉಳಿಸಿದ ಹೆಸರು. ಎರಡರಲ್ಲಿ ಯಾವುದು ಇಷ್ಟ ಎಂದರೆ ಆಕೆ ಯೋಚನೆ ಮಾಡುತ್ತಲೇ ಇರಲಿಲ್ಲ.

ಈ ಹೆಸರಿನ ಮರ್ಮ ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ನಗಲಿ, ಅವರಿಗೆ ಕೂಸು ಕಳೆದುಕೊಂಡು ಗೊತ್ತಿಲ್ಲ. ಹುಟ್ಟಿದ ಮಕ್ಕಳು ದಕ್ಕದ ಮನೆಗಳಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆ ಕುಲದ ಹೆಂಗಸಿನ ಮಡಿಲಿಗೆ ಹಾಕಿಬಿಡುವುದು. ಹೊಕ್ಕಳು ಬೀಳುವವರೆಗೆ ಕೂಸು ಅವಳದೇ. ಆಮೇಲೆ ಒಂದು ಮೊರ ತವುಡು ಅಳೆದುಕೊಟ್ಟು ಅವಳಿಂದ ಕೊಂಡುಕೊಳ್ಳುವುದು. ಜವರಾಯ ಹೆತ್ತವಳ ಮನೆಗೆ ಬಂದರೆ ತೊಟ್ಟಿಲು ಖಾಲಿ. ತಿರುಗಿ ಬಂದದ್ದು ಯಾರದೋ ಕೂಸು, ಅದೂ ದನಕ್ಕೆ ಹಾಕುವ ತವುಡಿಗೆ ಕೊಂಡದ್ದು. ಅಂಥದ್ದನ್ನು ಹೊತ್ತುಕೊಂಡು ಹೋಗಲು ಅವನಿಗೂ ನಾಚಿಕೆಯಾಗುತ್ತದೆ ಎಂಬ ಲೆಕ್ಕ.

ಅಕ್ಕಯಮ್ಮನ ತಾಯಿ ನರಸಮ್ಮ ನಲ್ಲೂರಿನ ಒಕ್ಕಲು ಮನೆಯ ಸೊಸೆ. ಮೂರು ಕೂಸು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು. ನಾಲ್ಕನೆಯದು ಹುಟ್ಟಿದ ದಿನ, ಊರಾಚೆಯ ಹುಣಸೆತೋಪಿನಲ್ಲಿ ಬಿಡಾರ ಹೂಡಿದ್ದ ಕೊರಮರ ದ್ಯಾವಮ್ಮನಿಗೆ ಹೇಳಿಕಳಿಸಿದರು. ದ್ಯಾವಮ್ಮ ಆಗಿನ್ನೂ ಹದಿನೆಂಟರ ಹುಡುಗಿ. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆದು ಊರೂರು ಮಾರುವ ಕುಲ ಅವರದು. ಬಂದವಳೇ ಮೊರದಲ್ಲಿದ್ದ ಕೂಸನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಹಿಂದಿರುಗಿ ನೋಡದೆ ನಡೆದಳು. ಹಿಂದಿರುಗಿ ನೋಡಬಾರದು, ಅದೂ ಪದ್ಧತಿ. ಮೊಲೆ ಕೊಡಲು ಹೆತ್ತವಳೇ ಹಸಿ ಮೈಯಲ್ಲಿ, ತಲೆಗೆ ಬಟ್ಟೆ ಬಿಗಿದು, ದ್ಯಾವಮ್ಮನ ಗುಡಿಸಲಿಗೆ ಹೋಗಬೇಕಾಯಿತು. ಕೇಳಿದವರಿಗೆ, ಪಾಪ, ಅವಳ ಕೂಸಿಗೆ ಹಾಲಿಲ್ಲವಂತೆ ಎನ್ನಬೇಕು.

ಅದು ಸಾವಿರದ ಒಂಬೈನೂರ ಮೂವತ್ತೊಂದರ ಫೆಬ್ರವರಿ. ಜನಗಣತಿಯ ವರ್ಷ. ಆಗ ಇಡೀ ದೇಶವನ್ನು ಒಂದೇ ರಾತ್ರಿ ಎಣಿಸುತ್ತಿದ್ದರು. ಮನೆಮನೆಯ ಬಾಗಿಲಿಗೆ ಕೆಮ್ಮಣ್ಣಿನಲ್ಲಿ ನಂಬರು ಬರೆದು, ಆ ಸಂಜೆ ಯಾರು ಎಲ್ಲಿದ್ದಾರೋ ಅಲ್ಲೇ ಬರೆದುಕೊಳ್ಳುವುದು. ದೀಪ ಹಚ್ಚುವ ಹೊತ್ತಿಗೆ ಶಾನುಭೋಗರು ಲಾಟೀನು ಹಿಡಿದು ಹುಣಸೆತೋಪಿಗೂ ಬಂದರು. ನರಸಮ್ಮ ಗುಡಿಸಲೊಳಗೆ ಕೂತು ಹಾಲು ಕೊಡುತ್ತಿದ್ದಾಳೆ. ಪಕ್ಕದಲ್ಲಿ ದ್ಯಾವಮ್ಮ.

"ಕೂಸು ಯಾರದು?" ಎಂದರು ಶಾನುಭೋಗರು.

ನರಸಮ್ಮ ಸೆರಗನ್ನು ಕೂಸಿನ ಮೇಲೆ ಎಳೆದುಕೊಂಡಳು. ನನ್ನದು ಎಂದರೆ ಜವರಾಯ ಕೇಳಿಸಿಕೊಳ್ಳುತ್ತಾನೆ. ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ನಂದು ಸ್ವಾಮಿ," ಎಂದಳು ದ್ಯಾವಮ್ಮ. "ಹೆಣ್ಣು."

ಇಡೀ ಊರಿನ ವಂಶಾವಳಿ ಬಾಯಲ್ಲಿದ್ದ ಶಾನುಭೋಗರಿಗೆ ಗೊತ್ತಾಗದೆ ಇದ್ದೀತೇ? ಅವರು ನರಸಮ್ಮನ ಕಡೆ ನೋಡಿದರು, ಕೂಸಿನ ಕಡೆ ನೋಡಿದರು. ಆಮೇಲೆ, "ಎಣಿಸೋ ಹೊತ್ತಿಗೆ ಎಲ್ಲದೆಯೋ ಅಲ್ಲಿಗೇ ಸೇರ್ತು," ಎಂದು ತಮಗೆ ತಾವೇ ಹೇಳಿಕೊಂಡು ಬರೆದರು. ಆ ಕಾಲದ ಫಾರಮ್ಮಿನಲ್ಲಿ 'ಕುಲ, ಬುಡಕಟ್ಟು ಇಲ್ಲವೇ ಜಾತಿ' ಎಂದು ಒಂದು ಕಲಂ ಇತ್ತು. ಕೂಸಿನ ಮುಂದೆ ಅಲ್ಲಿ ದ್ಯಾವಮ್ಮನ ಕುಲವೇ ಬಿತ್ತು. ಹೊಕ್ಕಳು ಬಿದ್ದ ಮೇಲೆ ನರಸಮ್ಮನ ಗಂಡ ಬಂದು ದ್ಯಾವಮ್ಮನ ಮಡಿಲಿಗೆ ಒಂದು ಮೊರ ತವುಡು ಸುರಿದು ಕೂಸನ್ನು ಕೊಂಡುಕೊಂಡ. ಕೂಸು ಮನೆಗೆ ಬಂತು. ಬರೆದದ್ದು ಮಾತ್ರ ಬರೆದಹಾಗೇ ಮೈಸೂರಿಗೆ, ಅಲ್ಲಿಂದ ದಿಲ್ಲಿಗೆ ಹೋಯಿತು.

ಕೂಸು ದಕ್ಕಿತು. ದಕ್ಕಿದ್ದು ಬರೀ ದಕ್ಕಿದ್ದಲ್ಲ, ಜ್ವರ, ಸಿಡುಬು, ಪ್ಲೇಗು ಎಲ್ಲವನ್ನೂ ಒದ್ದು ಬೆಳೆಯಿತು. ತವುಡಮ್ಮ ಹದಿನಾರಕ್ಕೆ ಕುಂದಾಣದ ಬೈರಣ್ಣನ ಕೈಹಿಡಿದಳು. ಮದುವೆಯ ದಿನ ದ್ಯಾವಮ್ಮ ಹೊಸ ಮೊರ ಹೆಣೆದು ತಂದು ಚಪ್ಪರದ ಹೊರಗೆ ನಿಂತಳು. ಒಳಗೆ ಬಾ ಎನ್ನುವ ಕಾಲ ಅದಲ್ಲ. ಹಾಗೆ ನಿಂತವಳು ಸುಮ್ಮನಾದರೂ ಇರಬಾರದೇ? ಧಾರೆ ಮುಗಿದು ಗಂಡು ಹೆಣ್ಣು ಈಚೆ ಬಂದದ್ದೇ ತಡ, "ಅಳಿಯಂದಿರೇ, ನನ್ನ ಮಗಳನ್ನ ಚೆನ್ನಾಗಿ ನೋಡ್ಕಳಿ!" ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದಳು. ಬೀಗರ ಕಡೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೈರಣ್ಣನ ಮುಖ ಬಾಸಿಂಗದ ಕೆಳಗೆ ಕೆಂಪಗಾಯಿತು.

ಆ ಕೆಂಪು ನಲವತ್ತು ವರ್ಷವಾದರೂ ಇಳಿಯಲಿಲ್ಲ. ಏಕೆಂದರೆ ದ್ಯಾವಮ್ಮನ ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳು ತನ್ನ ತಮ್ಮನ ಮಗ ಪಿಳ್ಳಪ್ಪನ ಜೊತೆ ಬಂದು ಕುಂದಾಣದ ಕೆರೆ ಏರಿಯ ಕೆಳಗೇ ಗುಡಿಸಲು ಹಾಕಿಕೊಂಡಳು. ಯಾಕೆ ಇಲ್ಲಿಗೇ ಬಂದೆ ಎಂದರೆ, "ಮಗಳ ಕೊಟ್ಟ ಊರಲ್ವಾ," ಎನ್ನುವಳು. ವಾರಕ್ಕೊಮ್ಮೆ ತಲೆ ಮೇಲೆ ಬುಟ್ಟಿ ಹೊತ್ತು ಬಂದು ಬಾಗಿಲ ಹೊರಗಿನಿಂದಲೇ ಕೂಗುವಳು: "ಅಳಿಯಂದಿರು ಇದ್ದಾರಾ?" ಬೈರಣ್ಣ ಇದ್ದರೂ ಇಲ್ಲ. ಮೆಲ್ಲಗೆ ಹಿತ್ತಿಲ ಬಾಗಿಲಿಂದ ದನದ ಕೊಟ್ಟಿಗೆಗೆ ಜಾರಿಕೊಳ್ಳುವನು. ಅವನೇನು ಕೆಟ್ಟ ಮನುಷ್ಯನಲ್ಲ. ನೆಂಟರು ಏನೆಂದಾರು ಎನ್ನುವ ಹುಳು ತಲೆಯಲ್ಲಿ ಹೊಕ್ಕಿದ್ದ ಮನುಷ್ಯ, ಅಷ್ಟೇ. ಅಕ್ಕಯಮ್ಮ ಜಗಲಿಯಲ್ಲಿ ಕೂರಿಸಿ ಮುದ್ದೆ, ಸಾರು ಕೊಡುವಳು. ಹೊಸಲು ದಾಟಿಸಿದ್ದು ಮಾತ್ರ ಇರಲಿಲ್ಲ.

ಹೀಗೇ ತೊಂಬತ್ತೊಂದನೇ ಇಸವಿ ಬಂತು. ಫೆಬ್ರವರಿಯಲ್ಲಿ ಮತ್ತೆ ಜನಗಣತಿ. ಕುಂದಾಣದ ಸ್ಕೂಲಿನ ಅನಸೂಯ ಮೇಡಂಗೆ ಊರಿನ ಒಂದು ಭಾಗದ ಡ್ಯೂಟಿ ಬಿತ್ತು. ಮಧ್ಯಾಹ್ನ ಪಾಠ ಮುಗಿಸಿ, ಫಾರಂ ತುಂಬಿದ ಬ್ಯಾಗು ತಗಲಿಸಿಕೊಂಡು, ಮುಖದ ಬೆವರು ಒರೆಸಿಕೊಳ್ಳುತ್ತ ಅಕ್ಕಯಮ್ಮನ ಜಗಲಿಗೆ ಬಂದರು. ಹೆಸರು, ವಯಸ್ಸು, ಓದು, ಕೆಲಸ ಎಲ್ಲ ಆಯಿತು.

"ಪರಿಶಿಷ್ಟ ಜಾತಿ, ಪಂಗಡ ಅಲ್ಲ ತಾನೇ?" ಎಂದರು ಮೇಡಂ.

"ಅಲ್ಲ," ಎಂದ ಬೈರಣ್ಣ.

ಮೇಡಂ ಮುಂದಿನ ಪ್ರಶ್ನೆಗೆ ಹೋದರು. ಅಕ್ಕಯಮ್ಮ ಬಗ್ಗಿ ನೋಡಿ, "ಮತ್ತೆ ನಮ್ಮ ಜಾತಿ ಬರ್ಕೊಳ್ಳಿಲ್ವಲ್ಲ ಮೇಡಮ್ಮೋರೆ?" ಎಂದಳು.

"ಈಗ ಎಲ್ರದ್ದೂ ಬರೆಯಲ್ಲ ಅಮ್ಮ. ಪರಿಶಿಷ್ಟರು ಅಂದ್ರೆ ಅವರದಷ್ಟೇ. ಹಿಂದೆ ಬ್ರಿಟಿಷರ ಕಾಲ್ದಲ್ಲಿ ಎಲ್ಲಾರ್ದೂ ಬರೀತಿದ್ರು. ಜಾತಿಜಾತಿ ಲೆಕ್ಕ ಪೂರ್ತಿಯಾಗಿ ಹೊರಗೆ ಬಂದದ್ದು ಮೂವತ್ತೊಂದ್ರಲ್ಲೇ ಕೊನೆ. ಹೋದ ವರ್ಷ ಮೀಸಲಾತಿ ಗಲಾಟೆ ಆಯ್ತಲ್ಲ, ಬಸ್ಸು ಸುಟ್ರಲ್ಲ, ಯಾರು ಎಷ್ಟಿದ್ದಾರೆ ಅಂತ ಈಗಲೂ ಆ ಮೂವತ್ತೊಂದರ ಎಣಿಕೆ ಹಿಡ್ಕೊಂಡೇ ಗುಣಾಕಾರ ಹಾಕ್ತಾರೆ. ಬೇರೆ ಲೆಕ್ಕ ಇಲ್ವಲ್ಲ."

ಅಕ್ಕಯಮ್ಮ ಸುಲಿಯುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಿದಳು. "ಮೂವತ್ತೊಂದಾ?" ಎಂದಳು. "ಆ ಲೆಕ್ಕದಲ್ಲಿ ನಾನು ಕೊರಮರ ಹುಡುಗಿ ಮೇಡಮ್ಮೋರೆ."

ಬೈರಣ್ಣ ಕೆಮ್ಮಿದ. ಆದರೆ ಅಕ್ಕಯಮ್ಮ ನಿಲ್ಲಿಸಲಿಲ್ಲ. ಮೊರ, ತವುಡು, ಲಾಟೀನು, ಶಾನುಭೋಗರು, ಎಲ್ಲ ಹೇಳಿದಳು. ಅನಸೂಯ ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಕೇಳಿದರು. ಅರವತ್ತು ವರ್ಷದಿಂದ ದೊಡ್ಡ ದೊಡ್ಡವರು ಮುಂದಿಟ್ಟುಕೊಂಡು ವಾದ ಮಾಡುವ ಅಂಕಿಯಲ್ಲಿ ಒಂದು, ಇಲ್ಲಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದೆ. ಮೇಡಂಗೆ ಮೈ ಜುಮ್ಮೆಂದಿತು. ಅಕ್ಕಯಮ್ಮನಿಗೂ ಅಷ್ಟೇ. ತನ್ನನ್ನು ಬದುಕಿಸಲು ಆಡಿದ ಒಂದು ಸುಳ್ಳು ಇನ್ನೂ ದಿಲ್ಲಿಯಲ್ಲಿ ಸರ್ಕಾರದ ಸತ್ಯವಾಗಿ ಕೂತಿದೆ ಎಂದು ಅವಳಿಗೆ ಅಂದೇ ತಿಳಿದದ್ದು.

"ಈಗ್ಲೂ ಒಂದೇ ರಾತ್ರಿ ಎಣಿಸ್ತೀರಾ?" ಎಂದು ಕೇಳಿದಳು.

"ಇಲ್ಲಮ್ಮ. ಈಗ ಮುಂಚೇನೇ ಬರ್ಕೊಂಡಿರ್ತೀವಿ. ಆದ್ರೆ ಮಾರ್ಚ್ ಒಂದನೇ ತಾರೀಕು ಸೂರ್ಯ ಹುಟ್ಟೋ ಹೊತ್ತಿಗೆ ಜೀವಂತ ಇದ್ದೋರಷ್ಟೇ ಲೆಕ್ಕಕ್ಕೆ. ಅದಕ್ಕೆ ಮುಂಚೆ ಹೋದೋರನ್ನ ಹೊಡೆದು ಹಾಕ್ತೀವಿ, ಹುಟ್ಟಿದ್ರೆ ಸೇರಿಸ್ತೀವಿ. ಒಂದನೇ ತಾರೀಕು ಇನ್ನೊಂದು ಸಲ ಬಂದು ಕೇಳ್ಕೊಂಡು ಹೋಗ್ತೀನಿ."

"ದೇಶಕ್ಕೆಲ್ಲ ಅದೇ ಹೊತ್ತಾ? ಕಾಶಿಗೂ?"

"ಕಾಶಿಗೂ, ಕಲ್ಕತ್ತಾಗೂ. ಅಲ್ಲಿ ನಮಗಿಂತ ಮುಂಚೆ ಬೆಳಗಾಗುತ್ತೆ, ಅಷ್ಟೇ."

ಅವತ್ತು ಒಲೆ ಮುಂದೆ ಕೂತವಳಿಗೆ ಅದೇ ಧ್ಯಾನ. ಬಿಸಿಲು ಮೂಡಣದಿಂದ ಹೊರಟು ಒಂದೊಂದೇ ಊರು ದಾಟಿ ಬರುತ್ತದೆ, ಮುಟ್ಟಿದ ಮನೆಯಲ್ಲಿ ಉಸಿರಾಡುತ್ತಿರುವವರೆಲ್ಲ ಲೆಕ್ಕಕ್ಕೆ ಸೇರುತ್ತಾರೆ. ದೊರೆಯೂ ಒಂದೇ, ಈಗ ತಾನೇ ಹುಟ್ಟಿದ್ದೂ ಒಂದೇ. ಇಷ್ಟು ದೊಡ್ಡ ಕೆಲಸ ಸದ್ದಿಲ್ಲದೆ ನಡೆಯುತ್ತದಲ್ಲ ಎಂದು ಬೆರಗಾಗಿ ಮುದ್ದೆ ತಿರುವುವುದನ್ನೇ ನಿಲ್ಲಿಸಿದಳು. ಅಂದಿನ ಮುದ್ದೆ ಗಂಟಾಯಿತು, ಬೈರಣ್ಣ ಗೊಣಗಿದ.

ಆ ವಾರ ದ್ಯಾವಮ್ಮ ಬುಟ್ಟಿ ಹೊತ್ತು ಬರಲಿಲ್ಲ. ಅಕ್ಕಯಮ್ಮ ಕೆರೆ ಏರಿ ಇಳಿದು ಗುಡಿಸಲಿಗೆ ಹೋದಳು. ದ್ಯಾವಮ್ಮ ಚಾಪೆಯಲ್ಲಿ ಮುದುರಿ ಮಲಗಿದ್ದಳು. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ದೇವನಹಳ್ಳಿ ಆಸ್ಪತ್ರೆಗೆ ತೋರಿಸಿ, ಔಷಧಿ ತಂದು ಆಗಿದೆ, ವಯಸ್ಸಾಗಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು, ಎಂದ ಪಿಳ್ಳಪ್ಪ. ಅಕ್ಕಯಮ್ಮ ಅವಳ ಕಾಲು ಮುಟ್ಟಿ ನೋಡಿದಳು. ತಣ್ಣಗಿತ್ತು.

ಅಕ್ಕಯಮ್ಮನಿಗೆ ಸಾವಿನ ಹತ್ತಿರ ಬಳಸುವ ಮದ್ದು ಗೊತ್ತಿದ್ದದ್ದು ಒಂದೇ. ಅದರಿಂದಲೇ ತಾನು ಬದುಕಿದ್ದು. ಮನೆಗೆ ಓಡಿ ಹೋದವಳು ಕೊಟ್ಟಿಗೆಯ ಮೂಟೆಯಿಂದ ಮೊರದ ತುಂಬ ತವುಡು ತುಂಬಿಕೊಂಡು ಬಂದು ಪಿಳ್ಳಪ್ಪನ ಮುಂದೆ ಹಿಡಿದಳು.

"ತಕ್ಕೋ. ನಿಮ್ಮತ್ತೇನ ನಂಗೆ ಮಾರು."

ಪಿಳ್ಳಪ್ಪ ಅವಳ ಮುಖ ನೋಡಿದ. "ಅಕ್ಕಾ, ಅದು ಮಕ್ಕಳಿಗಲ್ವಾ ಮಾಡೋದು?"

"ಜವರಾಯಂಗೆ ವಯಸ್ಸು ಗೊತ್ತಾಗ್ತದಾ? ಹಿಡಿ ಅಂದ್ನಲ್ಲ."

ಪಿಳ್ಳಪ್ಪ ಹೆಗಲ ಮೇಲಿನ ಟವಲು ಬಿಚ್ಚಿ ಮುಂದಕ್ಕೆ ಹರಡಿದ. ಅಕ್ಕಯಮ್ಮ ತವುಡು ಸುರಿದಳು. "ತಕ್ಕಂಡೋಗಕ್ಕ, ಇನ್ಮೇಲೆ ನಿಂದೇ," ಎಂದು ಟವಲಿನ ತುದಿಗಳನ್ನು ಗಂಟು ಹಾಕಿದ. ಕಣ್ಣು ಮುಚ್ಚಿದ್ದ ದ್ಯಾವಮ್ಮ ಸಣ್ಣಗೆ ನಕ್ಕಳು. "ಅಷ್ಟೂ ತವುಡಾ? ನಿನ್ನ ಕೊಟ್ಟಾಗ ಇಷ್ಟು ಕೊಡ್ಲಿಲ್ಲ ಕಣೇ ನಿಮ್ಮಪ್ಪ," ಎಂದಳು.

ಪಿಳ್ಳಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಅಕ್ಕಯಮ್ಮ ಬೆನ್ನಿಗೆ ಕೈಕೊಟ್ಟು, ಹಗಲು ಹೊತ್ತಿನಲ್ಲೇ ಊರ ನಡುವೆ ಕರೆತಂದರು. ಅಂಗಡಿ ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಅರವತ್ತರ ಮಗಳು ಎಪ್ಪತ್ತೆಂಟರ ಕೂಸನ್ನು ತವುಡಿಗೆ ಕೊಂಡು ತರುತ್ತಿದ್ದಾಳೆ ಎಂದು ಗೊತ್ತಾದಾಗ ಒಬ್ಬಿಬ್ಬರು ನಕ್ಕದ್ದೂ ಉಂಟು. ವಯಸ್ಸಾದ ಹೆಂಗಸರು ಯಾರೂ ನಗಲಿಲ್ಲ.

ಬೈರಣ್ಣ ಬಾಗಿಲಲ್ಲೇ ಅಡ್ಡ ನಿಂತ. "ಜಗಲಿ ಮೇಲೆ ಎಷ್ಟ್ ದಿನಾ ಆದ್ರೂ ಇರ್ಲಿ, ನಾನ್ ಬೇಡ ಅನ್ನಲ್ಲ. ಒಳಕ್ಕೆ ಬೇಡ."

"ಕೊಂಡ್ಕೊಂಡ್ ಬಂದಿದ್ದೀನಿ."

"ಕೊಂಡ್ಕೊಂಡಿದ್ದು ಜಗಲೀಲೂ ಇರ್ತದೆ."

ಅಕ್ಕಯಮ್ಮ ಜಗಳವಾಡಲಿಲ್ಲ. ಜಗಲಿಯ ಮೂಲೆಗೆ ಗೋಣಿತಾಟು ಕಟ್ಟಿ ಗಾಳಿ ಮರೆ ಮಾಡಿ, ಹಾಸಿ, ಹೊದಿಸಿ, ತಾನೂ ಅಲ್ಲೇ ಪಕ್ಕದಲ್ಲಿ ಮಲಗತೊಡಗಿದಳು. ಸೊಸೆ ಶಾಮಲಾ ಬಿಸಿನೀರು, ಗಂಜಿ ತಂದು ಕೊಡುವಳು. ಯಜಮಾನ ಒಳಗೆ, ಯಜಮಾನಿ ಜಗಲಿಯಲ್ಲಿ. ಊರು ನೋಡುತ್ತಿತ್ತು. ಬೈರಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಿಂಗಳ ಕೊನೆಯಲ್ಲಿ ಅನಸೂಯ ಕೆರೆ ಏರಿಯ ಗುಡಿಸಲುಗಳಿಗೆ ಹೋದಾಗ ದ್ಯಾವಮ್ಮನ ತಡಿಕೆ ಬಾಗಿಲು ಕಟ್ಟಿತ್ತು. ಅತ್ತೆಯನ್ನು ಮಾರಿಬಿಟ್ಟೆ ಎಂದ ಪಕ್ಕದ ಗುಡಿಸಲಿನಲ್ಲಿದ್ದ ಪಿಳ್ಳಪ್ಪ. ಮೇಡಂ ಹುಡುಕಿಕೊಂಡು ಜಗಲಿಗೇ ಬಂದು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು.

"ಅಜ್ಜಿ, ಹೇಗಿದ್ದೀರಾ? ನಿಮ್ಮ ಹೆಸರೇನು?"

"ದ್ಯಾವಮ್ಮ," ಎಂದಳು. ಆಮೇಲೆ ಮೇಡಮ್ಮನ ಮುಖವನ್ನೇ ನೋಡುತ್ತ ಮಲಗಿದಳು.

"ಇವರು ಗುಡಿಸಲು ಬಿಟ್ಟು ಬಂದಾಯ್ತು. ಈ ಮನೆ ಲೆಕ್ಕ ಆಗಲೇ ಮುಗ್ಸಿದ್ದೀನಿ," ಎಂದರು ಅನಸೂಯ ಅಕ್ಕಯಮ್ಮನಿಗೆ. "ಒಂದನೇ ತಾರೀಕು ಬಂದಾಗ ಹೊಸದಾಗಿ ಸೇರಿದವರು ಅಂತ ಇಲ್ಲೇ ಬರ್ಕೋತೀನಿ. ಆ ದಿನ ಸೂರ್ಯ ಹುಟ್ಟೋ ಹೊತ್ತಿಗೆ..." ಮುಂದಿನದನ್ನು ನುಂಗಿಕೊಂಡರು. ದ್ಯಾವಮ್ಮನಿಗೆ ಅರ್ಥವಾಯಿತು. ಮೇಡಂ ಹೋದ ಮೇಲೆ ಅಕ್ಕಯಮ್ಮನ ಕೈ ಎಳೆದುಕೊಂಡಳು.

"ನೀವು ಅಂದ್ಲು ನನ್ನ. ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ಕಣವ್ವ."

"ನಮ್ಮಪ್ಪನ ಕಾಲ್ದಲ್ಲಿ ಒಬ್ಬ ಬಿಳಿ ದೊರೆ ಬಂದಿದ್ನಂತೆ, ಅದೇ ನಲ್ಲೂರು ತೋಪಿಗೆ. ಗಂಡಸರನ್ನೆಲ್ಲ ಸಾಲಾಗಿ ನಿಲ್ಸಿ ಕಬ್ಬಿಣದ ಇಕ್ಕಳ ಹಾಕಿ ಮೂಗು ಅಳೆದ್ನಂತೆ. ತಲೆ ಅಳೆದ್ನಂತೆ. ಅಗಲ ಎಷ್ಟು, ಉದ್ದ ಎಷ್ಟು, ಅದ್ರ ಮೇಲೆ ಇವ್ರು ಇಂಥ ಕುಲ ಅಂತ ಬರ್ಕಂಡ್ನಂತೆ. ನಮ್ಮಪ್ಪಂಗೆ ಶೀತ ಆಗಿತ್ತಂತೆ, ಮೂಗು ಊದ್ಕೊಂಡಿತ್ತು. ಅಷ್ಟಗಲಾನೇ ಬರ್ಕಂಡೋದ!" ನಗಲು ಹೋಗಿ ಕೆಮ್ಮು ಬಂತು. ಅಕ್ಕಯಮ್ಮ ಎದೆ ನೀವಿದಳು. "ಆಮೇಲೆ ಒಂದು ಎಣಿಕೇಲಿ ಅಲೆಮಾರಿ ಬುಡಕಟ್ಟು ಅಂದ್ರು. ಇನ್ನೊಂದ್ರಲ್ಲಿ ಹುಟ್ತಾನೇ ಕಳ್ಳ ಕುಲ ಅಂದ್ರು. ನನ್ನ ಗಂಡ ಒಂದು ಮೆಣಸಿನಕಾಯಿ ಕದ್ದೋನಲ್ಲ, ದಿನಾ ಕತ್ತಲಾದ್ರೆ ಪಟೇಲರ ಬಾಗಿಲಿಗೋಗಿ ಹಾಜರಿ ಹೇಳ್ಬೇಕಿತ್ತು. ನಮ್ಮನ್ನ ಎಣಿಸಿದಷ್ಟು ಯಾರ್ನೂ ಎಣಿಸಿಲ್ಲ ಕಣೇ ತವುಡಿ. ಆದ್ರೆ ಹೇಗಿದ್ದೀರಾ ಅಂತ ಕೇಳಿ ಎಣಿಸಿದ್ದು ಇವಳೊಬ್ಳೇ. ಈ ಎಣಿಕೇಲಿ ನಾನ್ ಇರ್ಬೇಕು. ಒಂದನೇ ತಾರೀಕು ಯಾವಾಗ?"

"ನಾಡಿದ್ದು."

"ಅಲ್ಲಿಗಂಟ ತಡ್ಕೋತೀನಿ."

ತಡೆದುಕೊಳ್ಳುವುದೇನು ಅವಳ ಕೈಯಲ್ಲಿತ್ತೇ? ಮರುದಿನ ಮಾತು ನಿಂತಿತು. ಸಂಜೆಗೆ ಗಂಜಿ ಕಟವಾಯಿಯಿಂದ ಹೊರಗೆ ಬಂತು. ಚಳಿ ಗಾಳಿ ಗೋಣಿತಾಟಿನ ಸಂದಿಯಿಂದ ನುಗ್ಗುತ್ತಿತ್ತು. ಅಕ್ಕಯಮ್ಮ ಎದ್ದು ನಿಂತು ಒಳಗಿದ್ದ ಗಂಡನಿಗೆ ಕೇಳುವಂತೆ, ಆದರೆ ಕೂಗದೆ ಹೇಳಿದಳು: "ನಮ್ಮವ್ವ ಹಸಿ ಬಾಣಂತಿ, ಇವರ ಗುಡಿಸಲಿಗೆ ಹೋಗಲ್ಲ ಅಂದಿದ್ರೆ ಇವತ್ತು ನಿಮ್ಗೆ ಹೆಂಡ್ತಿನೂ ಇಲ್ಲ, ಮಕ್ಕಳೂ ಇಲ್ಲ. ನಾನು ಒಳಕ್ಕೆ ಕರ್ಕೊಂಡ್ ಬರ್ತಿದ್ದೀನಿ."

ಅಕ್ಕಯಮ್ಮ ಬಗ್ಗಿ ದ್ಯಾವಮ್ಮನನ್ನು ಎತ್ತಲು ಹೋದಳು. ಕಷ್ಟವೇನಾಗಲಿಲ್ಲ, ಮೈಯಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ. ಶಾಮಲಾ ಕಾಲಿನ ಕಡೆ ಹಿಡಿದಳು. ಹೊಸಲು ದಾಟುವಾಗ ಅಕ್ಕಯಮ್ಮ ನೋಡಿದರೆ, ನಡುಮನೆಯಲ್ಲಿ ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿ ಬೈರಣ್ಣನ ಹಾಸಿಗೆ ಹಾಸಿತ್ತು, ಅವನ ಕರಿ ಕಂಬಳಿಯೂ ಮಡಿಸಿಟ್ಟಿತ್ತು. ಅವನು ಮಾತ್ರ ಅಲ್ಲಿರಲಿಲ್ಲ. ಎಂದಿನಂತೆ ಕೊಟ್ಟಿಗೆಗೆ ಜಾರಿದ್ದ.

ಕೋಳಿ ಕೂಗುವ ಹೊತ್ತಿಗೆ ದ್ಯಾವಮ್ಮನ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ಉಸಿರು ಹೋದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಅಕ್ಕಯಮ್ಮ ತಾನೂ ಉಸಿರು ಹಿಡಿದು ಕಾಯುವಳು. ಕಿವಿಯ ಹತ್ತಿರ ಬಾಯಿಟ್ಟು, "ಕಾಶೀಲಿ ಬೆಳಗಾಯ್ತು ಕಣವ್ವ, ಅಲ್ಲಿ ಎಣಿಸಾಯ್ತು. ಈಗ ತಿರುಪತಿಗೆ ಬಂತು. ಕೋಲಾರಕ್ಕೆ ಬಂತು. ಇನ್ನೇನು, ಸ್ವಲ್ಪ ತಡ್ಕೋ," ಎನ್ನುತ್ತಿದ್ದಳು. ಅದೆಲ್ಲ ಸರಿಯೋ ತಪ್ಪೋ ಅವಳಿಗೆ ಗೊತ್ತಿಲ್ಲ. ಆದರೆ ಹೇಳುತ್ತಾ ಹೇಳುತ್ತಾ ಅವಳಿಗೆ ನಿಜವಾಗಿ ಕಾಣಿಸಿತು. ಮೂಡಣ ಸಮುದ್ರದಿಂದ ಬೆಳಕು ಎದ್ದು ಬರುತ್ತಿದೆ, ಗಂಗೆಯ ದಡದವರು, ಬೆಟ್ಟದವರು, ಕಾಡಿನವರು, ಹೆಸರು ಗೊತ್ತಿಲ್ಲದ ಭಾಷೆಯವರು, ಮೂಗು ಅಗಲವಿದ್ದವರು, ಉದ್ದವಿದ್ದವರು, ಕೋಟಿ ಕೋಟಿ ಜನ ಒಬ್ಬರಾದ ಮೇಲೆ ಒಬ್ಬರು ಆ ಬೆಳಕಿಗೆ ಸಿಕ್ಕಿ ಒಂದು, ಒಂದು, ಒಂದು ಎಂದು ಎಣಿಕೆಗೆ ಬೀಳುತ್ತಿದ್ದಾರೆ. ಅವಳಿಗೆ ಭಯವೂ ಆಯಿತು, ಅಳುವೂ ಬಂತು. ಅಷ್ಟು ಜನರಲ್ಲಿ ತನಗೆ ಬೇಕಾದದ್ದು ಈ ಒಂದು.

ಹೊರಗೆ ಧಡಬಡ ಸದ್ದಾಯಿತು. ಹುಲ್ಲಿನ ಬಣವೆ ಹತ್ತುತ್ತಿರುವ ಸದ್ದು. ಆಮೇಲೆ ಬೈರಣ್ಣನ ಗಂಟಲು, ಇಡೀ ಬೀದಿಗೆ ಕೇಳುವಂತೆ:

"ಹುಟ್ದ ಕಣೇ! ಸೂರ್ಯ ಹುಟ್ದ! ತೆಂಗಿನಮರ ದಾಟಿ ಮೇಲಕ್ಕೇ ಬಂದ!"

ಅರವತ್ತಾರು ವರ್ಷದ ಮನುಷ್ಯ ಇಬ್ಬನಿಯಲ್ಲಿ ತೊಯ್ದು ಬಣವೆಯ ತುದಿಯಲ್ಲಿ ಕೂತಿದ್ದ. ಯಾವಾಗ ಹೋಗಿ ಹತ್ತಿದ್ದನೋ. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟೆ ಬಂದು ಗೋಡೆಗೆ ಬಿತ್ತು. ಅಕ್ಕಯಮ್ಮ ದ್ಯಾವಮ್ಮನ ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರು ಇತ್ತು. ಇನ್ನೊಂದು ಬಂತು. ಇನ್ನೊಂದು. ಬಿಸಿನೀರಿಗೆ ಬೆಲ್ಲ ಕದಡಿ ಹನಿ ಹನಿಯಾಗಿ ತುಟಿಗೆ ಬಿಟ್ಟಾಗ ಗಂಟಲು ಆಡಿತು. ಹೊತ್ತು ಏರಿದ ಹಾಗೆ ಕಣ್ಣು ತೆರೆದಳು.

"ಆಯ್ತಾ?" ಎಂದಳು.

"ಆಯ್ತು ಕಣವ್ವ."

ಅನಸೂಯ ಮೇಡಂ ಬಂದಾಗ ಬೆಳಗಿನ ಹಾಲು ಡೇರಿಗೆ ಹೋಗಿ ಮುಗಿದಿತ್ತು. ಬಾಗಿಲಲ್ಲಿ ನಿಂತು ಕೇಳಲು ಹಿಂಜರಿದರು. ಅಕ್ಕಯಮ್ಮ ಒಳಗೆ ಕರೆದು ತೋರಿಸಿದಳು. ದ್ಯಾವಮ್ಮನನ್ನು ನೋಡಿ ಮೇಡಮ್ಮನ ಕಣ್ಣು ತುಂಬಿತು. ನಡುಮನೆಯಲ್ಲೇ ಕೂತು ಫಾರಂ ಬಿಡಿಸಿದರು. ಹೆಸರು ಬರೆದರು. ವಯಸ್ಸು ಬರೆದರು.

"ಮನೆ ಯಜಮಾನರಿಗೆ ಇವರು ಏನಾಗಬೇಕು ಅಂತ ಬರೀಬೇಕು," ಎಂದರು.

ಅಕ್ಕಯಮ್ಮ ತಲೆ ತಗ್ಗಿಸಿದಳು. ಈ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ತನ್ನ ಅಮ್ಮ ಎನ್ನಲು ಅವಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಯಜಮಾನರಿಗೆ ಏನು ಎಂಬುದನ್ನು ಅವಳು ಹೇಳುವ ಹಾಗಿರಲಿಲ್ಲ. ಬೇಕಾದವರು ಎಂದು ಬರೆದುಕೊಳ್ಳಿ ಎನ್ನೋಣ ಎಂದು ಬಾಯಿ ತೆರೆದಳು.

"ಅತ್ತೆ," ಎಂದ ಬೈರಣ್ಣ.

ಅವನು ಹಿತ್ತಿಲ ಬಾಗಿಲಲ್ಲಿ, ತಲೆಯ ತುಂಬ ಹುಲ್ಲಿನ ಕಡ್ಡಿ ಹೊತ್ತು ನಿಂತಿದ್ದ. ಮೇಡಮ್ಮನ ಪೆನ್ನು ಕಾಗದದ ಮೇಲೆ ನಿಂತಿತು.

"ಅತ್ತೆ ಕಣಮ್ಮ. ಹೆಂಡ್ತಿ ತಾಯಿ ಇನ್ನೇನಾಗ್ತಾಳೆ? ಬರ್ಕೊಳ್ಳಿ."

"ಬರ್ಕೋತೀನಿ," ಎಂದರು ಅನಸೂಯ. ಬರೆದರು. ಮುಂದಿನ ಪ್ರಶ್ನೆ ಪರಿಶಿಷ್ಟ ಜಾತಿಯದು. ಮೇಡಂ ಕೇಳುವ ಮೊದಲೇ ದ್ಯಾವಮ್ಮ ತನ್ನ ಕುಲದ ಹೆಸರನ್ನು ತಾನೇ ಹೇಳಿದಳು. ದನಿ ಸಣ್ಣದಾಗಿತ್ತು, ಆದರೂ ಸ್ಪಷ್ಟವಾಗಿ ಹೇಳಿದಳು. ಒಕ್ಕಲು ಮನೆಯ ಪಟ್ಟಿಯಲ್ಲಿ, ಯಜಮಾನನ ಅತ್ತೆಯ ಮುಂದೆ, ಆ ಹೆಸರು ಕೂತಿತು. ಅರವತ್ತು ವರ್ಷದ ಹಿಂದೆ ಲಾಟೀನು ಬೆಳಕಿನಲ್ಲಿ ಆ ಗುಡಿಸಲಿನವರು ಒಕ್ಕಲು ಮನೆಯ ಕೂಸಿಗೆ ಮಾಡಿಕೊಟ್ಟ ಜಾಗ ಅಕ್ಕಯಮ್ಮನ ಕಣ್ಣ ಮುಂದೆ ಬಂದು ನಿಂತಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಂಬಳಿಯೊಳಗಿನಿಂದ ಮತ್ತೆ ಆ ದನಿ ಬಂತು.

"ಅಳಿಯಂದಿರು ಇದ್ದಾರಾ?"

ಬೈರಣ್ಣ ಹಿತ್ತಿಲ ಬಾಗಿಲು ಬಿಟ್ಟು ಹತ್ತಿರ ಬಂದು ಹಾಸಿಗೆಯ ಬಳಿ ಕುಕ್ಕರಗಾಲಲ್ಲಿ ಕೂತ.

"ಇದ್ದೀನಿ ಅತ್ತೆ," ಎಂದ.

ದ್ಯಾವಮ್ಮ ಯುಗಾದಿಗೆ ಇನ್ನೂ ಒಂದು ವಾರ ಇರುವಾಗ ಅದೇ ಮೂಲೆಯಲ್ಲಿ ಕಣ್ಣು ಮುಚ್ಚಿದಳು. ತಿಂಗಳ ಕೊನೆಯಲ್ಲಿ ಒಂದು ದಿನ ಶಾಮಲಾ ರೇಡಿಯೋ ಹಾಕಿದ್ದಾಗ ವಾರ್ತೆಯಲ್ಲಿ ಲೆಕ್ಕ ಹೇಳಿದರು. ದೇಶದ ಜನಸಂಖ್ಯೆ ಎಂಬತ್ತನಾಲ್ಕು ಕೋಟಿ ದಾಟಿದೆ. ಅಕ್ಕಯಮ್ಮ ರಾಗಿ ಕೇರುವುದನ್ನು ನಿಲ್ಲಿಸಿ ಆ ಅಂಕಿಯನ್ನು ಬಾಯಲ್ಲೇ ಒಂದು ಸಲ ಹೇಳಿ ನೋಡಿದಳು. ಅವಳ ಕೈಯಲ್ಲಿದ್ದದ್ದು ದ್ಯಾವಮ್ಮ ಹೆಣೆದ ಮೊರ.

"ಎಂಬತ್ನಾಲ್ಕು ಕೋಟಿ," ಎಂದಳು. "ಅಷ್ಟ್ರಲ್ಲಿ ಒಂದು ಕಮ್ಮಿ ಆಗಿದ್ದಿದ್ರೆ ಯಾರಿಗ್ ತಾನೇ ಗೊತ್ತಾಗ್ತಿತ್ತು?"

ಬೈರಣ್ಣ ಬಾಗಿಲ ಕಡೆ ನೋಡುತ್ತ ಕೂತಿದ್ದ. ಅದು ವಾರದ ಆ ದಿನ, ಬುಟ್ಟಿ ಹೊತ್ತು ಬರುವ ಹೊತ್ತು.

"ನಂಗೆ," ಎಂದ.